ಸುರಂಗ ಬತ್ತಿದ್ದನ್ನು ಹೇಳಿದರೆ "ನೀನು ಓದು ಮಗಳೇ" ಎಂದರು. ಹೇಗೆ ಹೇಳಿದರೆ ಕೇಳುತ್ತಾರೆ?

ಗುಡ್ಡೆಯಾಚೆ | ಶನಿವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ನಮ್ಮದು ಕಾಸರಗೋಡು ಜಿಲ್ಲೆಯ ಉತ್ತರದ ಕಡೆ, ಮನೆಯ ಹಿಂದಿನ ಗುಡ್ಡೆ ಹತ್ತಿದರೆ ಕರ್ನಾಟಕ ಕಾಣುತ್ತದೆ. ಪಂಚಾಯತಿನ ಹೆಸರು ಬರೆಯುವುದಿಲ್ಲ. ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ.

ಕಳೆದ ವಾರ ವಾರ್ಡಿನ ಗ್ರಾಮಸಭೆ ಇತ್ತು. ನನ್ನ ತಂಗಿ ಒಂಬತ್ತನೆಯ ತರಗತಿ, ಕನ್ನಡ ಮಾಧ್ಯಮ. ಹವಾಮಾನ ಬದಲಾವಣೆಯ ಬಗ್ಗೆ ಮಾತನಾಡುತ್ತೇನೆ ಎಂದು ಎರಡು ಪುಟ ಬರೆದುಕೊಂಡು ಹೋಗಿದ್ದಳು. ನಮಗೆ ಬಾವಿ ಇಲ್ಲ, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಅಜ್ಜ ತೋಡಿಸಿದ ಸುರಂಗವೇ ಗತಿ. ಮೊದಲು ವಿಷು (ಏಪ್ರಿಲ್ ಮಧ್ಯ) ಕಳೆದರೂ ಸುರಂಗದ ನೀರು ಹೊರಗೆ ಹರಿದು ಬೀಳುವ ದಂಬೆಯಲ್ಲಿ ಹೆಬ್ಬೆರಳಿನಷ್ಟು ನೀರು ಬರುತ್ತಿತ್ತಂತೆ. ಈಗ ಶಿವರಾತ್ರಿಗೆ ಮೊದಲೇ ಹನಿ ಹನಿ ತೊಟ್ಟಿಕ್ಕುತ್ತದೆ. ಅಮ್ಮ ಬೆಳಗಿನ ಐದು ಗಂಟೆಗೆ ಕೊಡ ಹಿಡಿದು ಕೆಳಗಿನ ತೋಟಕ್ಕೆ ಇಳಿಯುತ್ತಾರೆ, ಪರೀಕ್ಷೆಯ ತಿಂಗಳಲ್ಲಿ ತಂಗಿಯೂ ಇಳಿಯುತ್ತಾಳೆ. ಈ ಮಳೆಗಾಲದಲ್ಲಿ ಒಂದೇ ರಾತ್ರಿಯ ಮಳೆಗೆ ಸುರಂಗದ ಬಾಯಿಗೆ ಮಣ್ಣು ಕುಸಿದು ಬಿದ್ದಿತು. ಇಷ್ಟನ್ನೇ ಅವಳು ಬರೆದಿದ್ದಳು.

ಮೊದಲ ಪುಟ ಮುಗಿಯುವ ಮೊದಲೇ ಹಿರಿಯರೊಬ್ಬರು, "ನೀನು ಓದು ಮಗಳೇ, ಇದೆಲ್ಲ ದೊಡ್ಡವರು ನೋಡಿಕೊಳ್ಳುತ್ತಾರೆ. ಒಂದು ಬೋರ್‌ವೆಲ್ ಕೊರೆಸಿದರೆ ಮುಗಿಯಿತು" ಎಂದರು. ನಾಲ್ಕು ಜನ ನಕ್ಕರು. ಸಭೆ ದಾರಿದೀಪದ ವಿಷಯಕ್ಕೆ ಹೋಯಿತು. ನಡಾವಳಿ ಪುಸ್ತಕದಲ್ಲಿ ಅವಳ ಮಾತಿಗೆ ಒಂದು ಸಾಲೂ ಇಲ್ಲ, ನಾನೇ ಹೋಗಿ ನೋಡಿದೆ. ಅವಳು ಆ ಹಾಳೆಗಳನ್ನು ಮಡಚಿ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟಿದ್ದಾಳೆ. ಅಂದಿನಿಂದ ಆ ವಿಷಯವನ್ನೇ ಎತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೆ: ನಮ್ಮ ವಯಸ್ಸಿನವರು ಇದನ್ನು ಹೇಗೆ ಹೇಳಿದರೆ ನಮ್ಮ ಊರಿನವರು ಕೇಳುತ್ತಾರೆ?

ಕುಂಬಳೆ_ಪೇಟೆ | ಶನಿವಾರ, ರಾತ್ರಿ 9.22

ತಂಗಿಗೆ ನನ್ನ ಮೆಚ್ಚುಗೆ ತಿಳಿಸಿ. ಮಾತಾಡಿದ್ದೇ ದೊಡ್ಡದು.

ಬಾಯಾರು_ಕೃಷಿಕ | ಶನಿವಾರ, ರಾತ್ರಿ 9.48

ಮಗುವನ್ನು ನೋಡಿ ನಕ್ಕದ್ದು ತಪ್ಪು. ಆದರೆ ಅವಳು ಹೇಳಿದ್ದೆಲ್ಲ ಸರಿ ಎಂದು ನಾನು ಒಪ್ಪುವುದಿಲ್ಲ. ಸುರಂಗ ಬತ್ತಿದ್ದಕ್ಕೆ ಹವಾಮಾನವನ್ನು ದೂರುವುದು ಈಗ ಸುಲಭವಾಗಿಬಿಟ್ಟಿದೆ. ನಮ್ಮ ಗುಡ್ಡೆಯಲ್ಲಿ ನೂರು ಮನೆಗೆ ಎಷ್ಟು ಬೋರ್‌ವೆಲ್ ಇವೆ ಎಂದು ಎಣಿಸಿ ನೋಡಿ. ಸುರಂಗ ಎಂದರೆ ಎರಡು ಅಡಿ ಅಗಲ, ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರ. ಮುರಕಲ್ಲಿನೊಳಗೆ (ಜಂಬಿಟ್ಟಿಗೆಯೊಳಗೆ) ಒಸರುವ ನೀರು ತಾನಾಗಿ ಹರಿದು ಹೊರಗೆ ಬರಬೇಕು. ಕೆಳಗಿನಿಂದ ಮುನ್ನೂರು ಅಡಿಗೆ ತೂತು ಕೊರೆದು ಪಂಪ್ ಇಟ್ಟರೆ ಮೇಲಿನ ಒಸರು ಎಲ್ಲಿ ಉಳಿಯುತ್ತದೆ? ಗುಡ್ಡೆಯ ನೆತ್ತಿಯಲ್ಲಿ ಮಳೆನೀರು ನಿಲ್ಲುವ ಮದಕ ಮುಚ್ಚಿದವರು ಯಾರು? ಮುಳಿಹುಲ್ಲು ಬೋಳಿಸಿ ರಬ್ಬರ್ ಇಟ್ಟವರು ಯಾರು? ನಾವೇ. ಮಕ್ಕಳಿಗೆ ಹೇಳಿಕೊಡುವಾಗ ಇದನ್ನೂ ಹೇಳಿಕೊಡಬೇಕು. ಟಿವಿಯಲ್ಲಿ ಹವಾಮಾನ ಹೋರಾಟದ ಸ್ವೀಡನ್ನಿನ ಹುಡುಗಿ ಗ್ರೇತಾಳನ್ನು ನೋಡಿ ಬಂದು ಇಲ್ಲಿ ಭಾಷಣ ಮಾಡಿದರೆ ಊರಿನವರು ಕೇಳುವುದಿಲ್ಲ.

ಪೆರ್ಲದಿಂದ_ಬೆಂಗಳೂರಿಗೆ | ಶನಿವಾರ, ರಾತ್ರಿ 10.05

ಅಣ್ಣ, ಅವಳು ಸ್ವೀಡನ್ನಿನ ಹೆಸರು ಎಲ್ಲಿ ತಂದಳು? ಅವಳ ಮನೆಯ ದಂಬೆಯ ವಿಷಯ ಹೇಳಿದಳು. ಮೇಲಿನದನ್ನು ಇನ್ನೊಮ್ಮೆ ಓದಿ.

ಬಾಯಾರು_ಕೃಷಿಕ | ಶನಿವಾರ, ರಾತ್ರಿ 10.11

ಓದಿದೆ. ಆ ಒಂದು ಸಾಲನ್ನು ಹಿಂದೆಗೆದುಕೊಳ್ಳುತ್ತೇನೆ. ಬೋರ್‌ವೆಲ್ ವಿಷಯ ಹಿಂದೆಗೆದುಕೊಳ್ಳುವುದಿಲ್ಲ.

ಬದಿಯಡ್ಕದ_ಮಾಸ್ತರ | ಭಾನುವಾರ, ಬೆಳಿಗ್ಗೆ 6.30

ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತನಾದವನು. ಎರಡು ಮಾತು ಹೇಳುತ್ತೇನೆ.

ಬಾಯಾರಿನವರು ಹೇಳಿದ ಕಾರಣಗಳು ಸರಿ. ಆದರೆ ಅವು ಒಂದನ್ನೊಂದು ಹೊಡೆದು ಹಾಕುವ ಕಾರಣಗಳಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಷ್ಟೂ ಮಳೆ ತಿಂಗಳುಗಟ್ಟಲೆ ಜಿಟಿಜಿಟಿ ಹಿಡಿದರೆ ಮುರಕಲ್ಲು ಕುಡಿಯುತ್ತದೆ. ಅದೇ ನೀರು ಕೆಲವೇ ದಿನಗಳಲ್ಲಿ ಸುರಿದುಹೋದರೆ ಮಣ್ಣನ್ನು ಎಳೆದುಕೊಂಡು ತೋಡಿಗೆ (ಸಣ್ಣ ತೊರೆಗೆ), ತೋಡಿನಿಂದ ಹೊಳೆಗೆ, ಸಂಜೆಯೊಳಗೆ ಸಮುದ್ರಕ್ಕೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಅದಕ್ಕೇ ಸುರಿದಾಗ ಧೋ ಎಂದು ಸುರಿಯುವುದು. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿಯಿತಲ್ಲ, ಅಂದಿನ ಮಳೆಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಭೂಮಿ ಬಿಸಿಯಾದದ್ದರಿಂದ ಆ ಮಳೆಯ ಬಿರುಸು ಸುಮಾರು ಶೇಕಡಾ 10ರಷ್ಟು ಹೆಚ್ಚಿತ್ತು ಎಂದರು. ಉಳಿದ ಭಾಗಕ್ಕೆ ಮಣ್ಣು, ಇಳಿಜಾರು, ನಾವು ಕಡಿದ ಗುಡ್ಡ ಎಲ್ಲವೂ ಸೇರುತ್ತವೆ. ಹೀಗಿರುವಾಗ ಬೋರ್‌ವೆಲ್ ಕೊರೆದ ಗುಡ್ಡೆಗೆ ಈ ಮಳೆ ಬಿದ್ದರೆ ಸುರಂಗಕ್ಕೆ ಎರಡು ಕಡೆಯಿಂದಲೂ ಪೆಟ್ಟು.

ಇನ್ನೊಂದು. ಮಗು, ನೀವು "ಹವಾಮಾನ ಬದಲಾವಣೆ" ಎಂದು ಶುರು ಮಾಡಿದ ಕೂಡಲೇ ಸಭೆಯಲ್ಲಿ ಅರ್ಧ ಜನ ಅದನ್ನು ಪಾಠವೆಂದುಕೊಳ್ಳುತ್ತಾರೆ. ದಂಬೆಯಿಂದ ಶುರು ಮಾಡಿಸಿ.

ಹಪ್ಪಳದ_ಅಕ್ಕ | ಭಾನುವಾರ, ಬೆಳಿಗ್ಗೆ 7.15

ಮಾಸ್ತರರು ಹೇಳಿದ್ದು ನೂರಕ್ಕೆ ನೂರು ಸತ್ಯ. ನನ್ನ ಮಟ್ಟಿಗೆ ಹವಾಮಾನ ಎಂದರೆ ಹಲಸಿನ ಹಪ್ಪಳ. ಪತ್ತನಾಜೆಗೆ (ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24ರ ಸುಮಾರಿಗೆ) ಹತ್ತು ಹನಿ ಬೀಳಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಹತ್ತು ಹನಿಯ ಲೆಕ್ಕದಲ್ಲಿ ನಾವು ಬೇಶದ ಮೊದಲ ವಾರದವರೆಗೂ ಚಾಪೆಯಲ್ಲಿ ಹಪ್ಪಳ ಒಣಗಿಸುತ್ತಿದ್ದೆವು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು, 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ಅದಕ್ಕೂ ಮೊದಲೇ ದಿನ ಬಿಟ್ಟು ದಿನ ಮಳೆ. ನನ್ನ ಆರು ನೂರು ಹಪ್ಪಳಕ್ಕೆ ಬೂಸ್ಟು ಹಿಡಿಯಿತು. ಮಗಳ ಕಾಲೇಜಿನ ಶುಲ್ಕಕ್ಕೆ ಎಂದು ತೆಗೆದಿಟ್ಟ ಕೆಲಸ ಅದು. ಅವಳು ಒಲೆಯ ಮೇಲೆ ತಟ್ಟೆ ಕಟ್ಟಿ ಹೊಗೆಯಲ್ಲಿ ಒಣಗಿಸಲು ನೋಡಿದಳು, ರುಚಿ ಕೆಟ್ಟಿತು.

ಪೆರ್ಲದಿಂದ_ಬೆಂಗಳೂರಿಗೆ | ಭಾನುವಾರ, ಬೆಳಿಗ್ಗೆ 8.02

ಅಕ್ಕ, ಸೋಲಾರ್ ಡ್ರೈಯರ್ ಸಿಗುತ್ತದೆ. ಪಾಲಿಥೀನ್ ಹೊದಿಸಿದ ಸಣ್ಣ ಗೂಡಿನಂಥದ್ದು. ನಮ್ಮ ತಂದೆ ಅಡಿಕೆ ಒಣಗಿಸಲು ಅಂಗಳದಲ್ಲಿ ಹಾಕಿಸಿದ್ದಾರೆ, ಬೇಕಾದರೆ ವಿವರ ಕಳುಹಿಸುತ್ತೇನೆ.

ಹಪ್ಪಳದ_ಅಕ್ಕ | ಭಾನುವಾರ, ಬೆಳಿಗ್ಗೆ 8.10

ಕಳುಹಿಸು ತಮ್ಮ. ಬಿಸಿಲೇ ಇಲ್ಲದ ದಿನ ಅದು ಏನು ಮಾಡುತ್ತದೆ ಎಂಬುದನ್ನೂ ಬರೆ.

ಮಂಜೇಶ್ವರದ_ಕಡಲು | ಭಾನುವಾರ, ಮಧ್ಯಾಹ್ನ 12.40

ಎಲ್ಲರೂ ಗುಡ್ಡೆಯ ಕಡೆಯವರೇ ಮಾತನಾಡುತ್ತಿದ್ದೀರಿ. ಕಡಲ ಕಡೆಯಿಂದ ಒಬ್ಬನ ಮಾತು ಇರಲಿ. ನನಗೆ ಇಪ್ಪತ್ತಮೂರು. ಅಪ್ಪ ದೋಣಿಗೆ ಹೋಗುತ್ತಾರೆ, ನಾನೂ ಹೋಗುತ್ತಿದ್ದೆ, ಈಗ ಮಂಗಳೂರಿನಲ್ಲಿ ಎಸಿ ರಿಪೇರಿ ಕೆಲಸ ಕಲಿಯುತ್ತಿದ್ದೇನೆ.

ಬೂತಾಯಿ ಮೀನು ಇಲ್ಲದೆ ನಮ್ಮ ಒಲೆ ಉರಿಯುವುದಿಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ, ನನ್ನದಲ್ಲ. ಆ ವರ್ಷ ಅಪ್ಪ ಬಲೆ ಬಿಡಿಸಿ ತಂದದ್ದು ಬರೀ ಡೀಸೆಲ್ ಸಾಲ. ಅದೇ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ. ತೆಂಗಿನ ಮರಗಳು ಒಂದರ ಹಿಂದೆ ಒಂದು ಕಡಲಿಗೆ ಬೀಳುವುದನ್ನು ನಾನು ನಿಂತು ನೋಡಿದ್ದೇನೆ. ನಾವು ಕ್ರಿಕೆಟ್ ಆಡುತ್ತಿದ್ದ ಮರಳಿನ ದಂಡೆ ಈಗ ನೀರಿನೊಳಗಿದೆ.

ಮನೆ ಬಿಟ್ಟು ಹೋಗುವವರಿಗೆ ಸರ್ಕಾರದ ಪುನರ್ಗೇಹಂ ಯೋಜನೆಯಲ್ಲಿ 10 ಲಕ್ಷ ರೂಪಾಯಿ ಕೊಡುತ್ತಾರೆ, ಉಬ್ಬರದ ಗೆರೆಯಿಂದ 50 ಮೀಟರಿನೊಳಗೆ ಮನೆ ಇರಬೇಕು. ಕೊಡುವುದು ಒಳ್ಳೆಯದೇ. ಆದರೆ ಆ ಹಣದಲ್ಲಿ ಜಾಗ ತೆಗೆದುಕೊಂಡು ಮನೆ ಕಟ್ಟಬೇಕಾದರೆ ಕಡಲಿನಿಂದ ಎಷ್ಟು ದೂರ ಹೋಗಬೇಕು? ದೋಣಿಯನ್ನು ಯಾರು ಕಾಯಬೇಕು? ಈ ಪ್ರಶ್ನೆಯನ್ನು ನನ್ನ ವಯಸ್ಸಿನ ಯಾರನ್ನೂ ಯಾರೂ ಕೇಳಲಿಲ್ಲ. ಮುಂದಿನ ಐವತ್ತು ವರ್ಷ ಅಲ್ಲಿ ಬದುಕಬೇಕಾದವರು ನಾವು.

ಬಾಯಾರು_ಕೃಷಿಕ | ಭಾನುವಾರ, ಮಧ್ಯಾಹ್ನ 1.05

ಬೂತಾಯಿ ಆಮೇಲೆ ಬಂದಿತಲ್ಲ. ಕಳೆದ ವರ್ಷ ಉಪ್ಪಳದಲ್ಲಿ ರಾಶಿ ಹಾಕಿ ಮಾರುತ್ತಿದ್ದರು.

ಮಂಜೇಶ್ವರದ_ಕಡಲು | ಭಾನುವಾರ, ಮಧ್ಯಾಹ್ನ 1.20

ಬಂದಿತು ಮಾವ, ಮರುವರ್ಷವೇ ಲಕ್ಷ ಟನ್ ದಾಟಿತು. ಆದರೆ ಗಾತ್ರ ನೋಡಿದ್ದೀರಾ? ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಕಿರುಬೆರಳಿನಷ್ಟು ಮೀನು. ಸಣ್ಣದನ್ನು ಹಿಡಿಯಬಾರದು ಎಂದು ಅಪ್ಪನೂ ಹೇಳುತ್ತಾರೆ, ಬಲೆಯೊಳಗೆ ಬಂದರೆ ಬಿಡುವ ಮನಸ್ಸು ಯಾರಿಗೂ ಇಲ್ಲ. ಒಂದು ವರ್ಷ ಬರಿದು, ಒಂದು ವರ್ಷ ರಾಶಿ. ಹೀಗಾದರೆ ಯಾವ ಬ್ಯಾಂಕಿನವರು ದೋಣಿಗೆ ಸಾಲ ಕೊಡುತ್ತಾರೆ? ನಾನು ಎಸಿ ಕೆಲಸ ಕಲಿಯಲು ಹೋದದ್ದು ಆ ಕಾರಣಕ್ಕೆ.

ದೇಲಂಪಾಡಿ_ಹೊಳೆಬದಿ | ಭಾನುವಾರ, ಮಧ್ಯಾಹ್ನ 2.30

ನನ್ನ ಅಮ್ಮ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರು. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತದೆ. ಈ ಆದೇಶವಿದೆ ಎಂದು ಅಮ್ಮನ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಪತ್ರಿಕೆಯಲ್ಲಿ ಓದಿ ಹೇಳಿದೆ. "ನಿನಗೆ ಹೇಗೆ ಗೊತ್ತು?" ಎಂದು ಕೇಳಿದರು. ತುಣುಕು ಕತ್ತರಿಸಿ ಕೊಟ್ಟ ಮೇಲೆ ಏಳು ಗಂಟೆಗೇ ಕೆಲಸ ಶುರು ಮಾಡಲು ಒಪ್ಪಿದರು. ನನಗೆ ಆಗ ಹದಿನೇಳು ವರ್ಷ.

ಹಾಗಾಗಿ ನನ್ನ ಉತ್ತರ: ಕೈಯಲ್ಲಿ ಕಾಗದ ಇರಲಿ.

ಕುಂಬಳೆ_ಪೇಟೆ | ಭಾನುವಾರ, ಸಂಜೆ 4.10

ಮಳೆಯ ರಜೆಯ ಬಗ್ಗೆ ಯಾರೂ ಹೇಳಲಿಲ್ಲ! ಕೆಂಪು ಎಚ್ಚರಿಕೆ ಬಂದರೆ ಶಾಲೆಗೆ ರಜೆ, ಆಮೇಲೆ ಶನಿವಾರ ತರಗತಿ. ನನ್ನ ತಮ್ಮ ಈ ವರ್ಷ ಎಷ್ಟು ಶನಿವಾರ ಹೋಗಿದ್ದಾನೋ ಲೆಕ್ಕವಿಲ್ಲ. ಬೇಸಿಗೆ ರಜೆಯನ್ನು ಏಪ್ರಿಲ್‌-ಮೇಯಿಂದ ಜೂನ್‌-ಜುಲೈಗೆ ಬದಲಾಯಿಸೋಣವೇ ಎಂದು 2025ರ ಜುಲೈ ಕೊನೆಯಲ್ಲಿ ಶಿಕ್ಷಣ ಸಚಿವರೇ ಚರ್ಚೆಗೆ ಇಟ್ಟಿದ್ದರು.

ಹಪ್ಪಳದ_ಅಕ್ಕ | ಭಾನುವಾರ, ಸಂಜೆ 4.25

ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಮಕ್ಕಳನ್ನು ಕೂರಿಸುವುದೇ? ಅದಕ್ಕೆ ನಾನು ಒಪ್ಪುವುದಿಲ್ಲ. ಕಾಟು ಮಾವಿನ ಹಣ್ಣು ಹೆಕ್ಕುವುದು ಯಾವಾಗ? ಯಕ್ಷಗಾನ ನೋಡುವುದು ಯಾವಾಗ? ಮೇಳದ ತಿರುಗಾಟ ಪತ್ತನಾಜೆಗೆ ಮುಗಿಯುತ್ತದೆ.

ಬದಿಯಡ್ಕದ_ಮಾಸ್ತರ | ಭಾನುವಾರ, ಸಂಜೆ 4.50

ಎರಡೂ ಕಡೆ ನ್ಯಾಯವಿದೆ. ನಾನು ಕೇಳುವುದು ಬೇರೆ: ಆ ಚರ್ಚೆಯಲ್ಲಿ ಶಿಕ್ಷಕರ ಸಂಘಟನೆಗಳು, ಪೋಷಕರು, ವೈದ್ಯರು ಎಲ್ಲರೂ ಅಭಿಪ್ರಾಯ ಹೇಳಿದರು. ನಮ್ಮ ಶಾಲೆಗಳಲ್ಲಿ ಯಾರಾದರೂ ಮಕ್ಕಳನ್ನು ಕೇಳಿದರೇ? 2024ರಲ್ಲಿ 85 ದೇಶಗಳಲ್ಲಿ ಸುಮಾರು 24.2 ಕೋಟಿ ಮಕ್ಕಳ ಓದು ಬಿಸಿಗಾಳಿ, ಪ್ರವಾಹ, ಚಂಡಮಾರುತಗಳಿಂದ ಅಡಚಣೆಗೆ ಒಳಗಾಯಿತು ಎಂದು ಯುನಿಸೆಫ್ ಲೆಕ್ಕ ಕೊಟ್ಟಿದೆ. ನಮ್ಮ ಕುಂಬಳೆಯ ತಮ್ಮನ ಶನಿವಾರಗಳೂ ಅಂಥ ಲೆಕ್ಕಕ್ಕೇ ಸೇರಬೇಕಾದವು.

ಕಾನೂನು_ವಿದ್ಯಾರ್ಥಿ | ಭಾನುವಾರ, ರಾತ್ರಿ 8.15

ನಾನು ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ, ಮನೆ ಮುಳ್ಳೇರಿಯದ ಹತ್ತಿರ. ತಂಗಿಗೆ ಒಂದೆರಡು ಸಂಗತಿ ಗೊತ್ತಿರಲಿ.

2019ರಲ್ಲಿ ಪೆಸಿಫಿಕ್ ದ್ವೀಪಗಳ 27 ಕಾನೂನು ವಿದ್ಯಾರ್ಥಿಗಳು ತರಗತಿಯಲ್ಲಿ ಕುಳಿತು ಒಂದು ಆಲೋಚನೆ ಮಾಡಿದರು: ಹವಾಮಾನದ ವಿಷಯವನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೇ ಒಯ್ಯಬೇಕು ಎಂದು. ವನುವಾಟು ಎಂಬ ಪುಟ್ಟ ದೇಶ ಅದನ್ನು ಎತ್ತಿಕೊಂಡಿತು. 2025ರ ಜುಲೈ 23ರಂದು ಹೇಗ್‌ನಲ್ಲಿ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದಿತು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 16 ಮಂದಿ ಎಳೆಯರು ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿ 2023ರಲ್ಲಿ ಗೆದ್ದರು. ಅಲ್ಲಿ ಒಬ್ಬಳು ಹೇಳಿದ ಸಾಕ್ಷ್ಯ ತನ್ನ ಮನೆಯ ದನಗಳ ಹುಲ್ಲುಗಾವಲು, ಬರ, ಕಾಡ್ಗಿಚ್ಚಿನ ಬಗ್ಗೆ. ನಿಮ್ಮ ತಂಗಿಯ ದಂಬೆಯ ಹಾಗೆ.

ನಮ್ಮ ದೇಶದಲ್ಲಿ ರಿಧಿಮಾ ಪಾಂಡೆ ಎಂಬ ಉತ್ತರಾಖಂಡದ ಹುಡುಗಿ ಒಂಬತ್ತನೇ ವಯಸ್ಸಿನಲ್ಲಿ, 2017ರಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದಳು. 2019ರಲ್ಲಿ ಅದನ್ನು ತಳ್ಳಿಹಾಕಿದರು. ಆದರೆ 2024ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ನಾಗರಿಕರ ಹಕ್ಕು ಎಂದು ಹೇಳಿತು. ರಾಜಸ್ಥಾನ, ಗುಜರಾತಿನ ಹೆಬ್ಬಕ ಹಕ್ಕಿಯ ಪ್ರಕರಣ ಅದು.

ಬಾಯಾರು_ಕೃಷಿಕ | ಭಾನುವಾರ, ರಾತ್ರಿ 8.40

ಕೋರ್ಟಿನ ಮಾತು ನಮ್ಮ ಜಿಲ್ಲೆಗೆ ಹೇಳಬೇಡಿ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. ಐದು ವರ್ಷ ಕಳೆದ ಮೇಲೂ ಅದೇ ಕೋರ್ಟ್ ಸರ್ಕಾರವನ್ನು ಗದರಿಸಬೇಕಾಯಿತು. ತೀರ್ಪು ಬಂದರೆ ನೀರು ಬರುವುದಿಲ್ಲ.

ಸ್ವರ್ಗದ_ಹತ್ತಿರ | ಭಾನುವಾರ, ರಾತ್ರಿ 9.30

ಎಂಡೋಸಲ್ಫಾನಿನ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ನಾನು ಎಣ್ಮಕಜೆಯವಳು. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು ಹೇಗೆ? ಮೊದಲು ಗಮನಿಸಿದ್ದು ಊರಿನವರು. ಜೇನು ಸತ್ತದ್ದನ್ನು, ಕರು ಹುಟ್ಟಿದ ರೀತಿಯನ್ನು ಅವರೇ ಕಂಡರು. ಪದ್ರೆ ಗ್ರಾಮದಲ್ಲಿ ಮನೆ ಮನೆಯ ಕಾಯಿಲೆಯನ್ನು ಬರೆದಿಟ್ಟವರು ಅಲ್ಲಿಯೇ ಇದ್ದ ಒಬ್ಬ ವೈದ್ಯರು. ಪೆರಿಯದಲ್ಲಿ ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ತಡೆಯಾಜ್ಞೆ ತಂದರು. ಪುರಾವೆ ಇಲ್ಲ ಎಂಬ ಮಾತನ್ನು ನಮ್ಮ ಊರು ಎರಡು ದಶಕ ಕೇಳಿದೆ.

ಇದೂ ಅದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಸಿಂಪಡಿಸಿದ್ದು ಯಾರು ಎಂದು ಬೆರಳು ಮಾಡಿ ತೋರಿಸಬಹುದಿತ್ತು. ಆದರೆ ಬರೆದಿಟ್ಟದ್ದು ಕೊನೆಗೂ ಉಪಯೋಗಕ್ಕೆ ಬಂದಿತು, ಬರೀ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ತಂಗಿಗೆ ಒಂದು ನೋಟ್ ಪುಸ್ತಕ ತೆಗೆದುಕೊಡಿ.

ಗುಡ್ಡೆಯಾಚೆ | ಭಾನುವಾರ, ರಾತ್ರಿ 10.15

ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಎಲ್ಲವನ್ನೂ ತಂಗಿಗೆ ಓದಿ ಹೇಳಿದೆ. ಬಾಯಾರಿನ ಮಾವ ಹೇಳಿದ್ದನ್ನು ಕೇಳಿ ಸಿಟ್ಟು ಮಾಡಿಕೊಂಡಳು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮೇಲಿನ ಮನೆಯವರು ಬೋರ್‌ವೆಲ್ ಕೊರೆಸಿದ ವರ್ಷವೇ ನೀರು ಕಡಿಮೆಯಾದದ್ದಾ ಎಂದು ಅಜ್ಜನನ್ನು ಕೇಳಬೇಕು" ಎಂದಳು. ಕೇಳಿದೆವು. ಅಜ್ಜನಿಗೆ ವರ್ಷ ನೆನಪಿಲ್ಲ. "ನಿನ್ನ ಚಿಕ್ಕಪ್ಪನ ಮದುವೆಯ ಹಿಂದು ಮುಂದು" ಎಂದರು.

ಪುಸ್ತಕ ಇಡುವುದಾದರೆ ಏನೇನು ಬರೆಯಬೇಕು? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಏತಡ್ಕದ_ನೀರು | ಸೋಮವಾರ, ಬೆಳಿಗ್ಗೆ 5.55

ಗೊತ್ತಿದೆ, ಬರೆಯುತ್ತೇನೆ.

ಮಳೆಗೆ: ನೇರ ಗೋಡೆಯ, ಚಪ್ಪಟೆ ತಳದ ಒಂದು ಗಾಜಿನ ಭರಣಿ, ಒಂದು ಸ್ಕೇಲ್. ಮರ, ಮಾಡು ಯಾವುದೂ ಅಡ್ಡ ಬಾರದ ಕಡೆ ಇಡಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಚೆಲ್ಲಿಬಿಡಿ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುವುದು. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಕೆಂಪು ಎಚ್ಚರಿಕೆಯ ಮಳೆ. ಶಾಲೆಗೆ ಹೋಗುವ ಆತುರದಲ್ಲಿ ಅವಳು ಎಂಟಕ್ಕೆ ಅಳೆದರೂ ತಪ್ಪಿಲ್ಲ, ದಿನವೂ ಎಂಟಕ್ಕೇ ಅಳೆಯಬೇಕು ಅಷ್ಟೆ.

ಸುರಂಗಕ್ಕೆ: ದಂಬೆಯ ಕೆಳಗೆ ಒಂದೇ ಕೊಡವನ್ನು ಇಟ್ಟು ತುಂಬಲು ಎಷ್ಟು ನಿಮಿಷ ಬೇಕು ಎಂದು ವಾರಕ್ಕೊಮ್ಮೆ ಬರೆಯಿರಿ. ಕೊಡ ಬದಲಾಯಿಸಬೇಡಿ. ಮಳೆ ನಿಂತ ದಿನ, ಹನಿಗೆ ಇಳಿದ ದಿನ, ಪೂರ್ತಿ ನಿಂತ ದಿನ. ಮೇಲಿನ ಗುಡ್ಡೆಯಲ್ಲಿ ಬೋರ್‌ವೆಲ್ ಲಾರಿ ಬಂದರೆ ಆ ದಿನಾಂಕವನ್ನೂ ಬರೆಯಿರಿ, ಬಾಯಾರಿನವರ ಪ್ರಶ್ನೆಗೆ ಉತ್ತರ ಅದರಿಂದಲೇ ಸಿಗಬೇಕು.

ಇನ್ನೊಂದು ಮಾತು. ನಮ್ಮ ಏತಡ್ಕದ ತೋಡಿಗೆ ಹಿಂದಿನಿಂದಲೂ ಸಾಲಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುತ್ತೇವೆ. ಮಳೆ ನಿಂತು ತೋಡಿನ ಹರಿವು ತಗ್ಗಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಕೆ, ಈಗೀಗ ಪ್ಲಾಸ್ಟಿಕ್ ಹಾಳೆ. ಒಂದು ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟಬೇಕು. ಹಾಗೆ ನಿಂತ ನೀರು ಅಕ್ಕಪಕ್ಕದ ಬಾವಿಗಳಿಗೆ ಇಳಿಯುತ್ತದೆ. ನಮ್ಮ ಕೆಲಸಕ್ಕೆ ಶಾಲೆಯ ಮಕ್ಕಳೂ ಕಲ್ಲು ಹೊರಲು ಬರುತ್ತಾರೆ. ಈಗ ಅದೇ ಸಮಯ. ನಿಮ್ಮ ತೋಡಿನಲ್ಲಿ ಹಳೆಯ ಕಟ್ಟದ ಗುರುತು ಇದೆಯೇ ನೋಡಿ.

ಪೆರ್ಲದಿಂದ_ಬೆಂಗಳೂರಿಗೆ | ಸೋಮವಾರ, ಬೆಳಿಗ್ಗೆ 8.20

ಮಾಡಿನ ನೀರನ್ನೂ ಬಿಡಬೇಡಿ. ಸಾವಿರ ಚದರ ಅಡಿ ಮಾಡಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 93 ಲೀಟರ್. ಮೂರು ಸಾವಿರ ಮಿಲಿಮೀಟರಿಗೆ ಎರಡೂ ಮುಕ್ಕಾಲು ಲಕ್ಷ ಲೀಟರಿಗೂ ಹೆಚ್ಚು. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವನು ನಾನು. ನಮ್ಮೂರಿನ ಮಾಡಿನ ನೀರು ನೆನಪಾಗಿ ಹೊಟ್ಟೆ ಉರಿಯುತ್ತಿತ್ತು.

ಕಟ್ಟ ಕಟ್ಟುವುದಾದರೆ ಹೇಳಿ, ರಜೆ ಹಾಕಿ ಬರುತ್ತೇನೆ. ಬರೀ ಮಾತಿಗೆ ಹೇಳುತ್ತಿಲ್ಲ.

ಕಾನೂನು_ವಿದ್ಯಾರ್ಥಿ | ಸೋಮವಾರ, ಬೆಳಿಗ್ಗೆ 9.00

ನಡಾವಳಿಯಲ್ಲಿ ಬರೆಯಲಿಲ್ಲ ಎಂಬ ವಿಷಯವನ್ನು ಯಾರೂ ಹಿಡಿಯಲಿಲ್ಲ. ಮುಂದಿನ ಸಲ ಬಾಯಲ್ಲಿ ಹೇಳಿ ಬಿಡಬೇಡಿ. ಮನವಿಯನ್ನು ಕನ್ನಡದಲ್ಲಿ ಬರೆದು ಎರಡು ಪ್ರತಿ ಮಾಡಿ ಕೊಡಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

ಸ್ವರ್ಗದ_ಹತ್ತಿರ | ಸೋಮವಾರ, ಬೆಳಿಗ್ಗೆ 9.35

ಭಾಷೆಯ ವಿಷಯ ಬಂದದ್ದು ಒಳ್ಳೆಯದಾಯಿತು. ಜುಲೈಯಲ್ಲಿ ಒಂದು ರಾತ್ರಿ ನಮ್ಮ ಅಜ್ಜಿಯ ಮೊಬೈಲಿಗೆ ಮಳೆಯ ಎಚ್ಚರಿಕೆ ಬಂದಿತ್ತು, ಮಲಯಾಳದಲ್ಲಿ. ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. ಬೆಳಿಗ್ಗೆ ನನಗೆ ತೋರಿಸಿ "ಇದೇನು ಕರೆಂಟ್ ಬಿಲ್ಲಾ?" ಎಂದು ಕೇಳಿದರು. ಮನೆಯ ಹಿಂದೆ ಎಂಟು ಅಡಿ ಎತ್ತರಕ್ಕೆ ಗುಡ್ಡ ಕಡಿದ ಗೋಡೆಯಿದೆ. ಅಂದು ಏನೂ ಆಗಲಿಲ್ಲ. ಆಗಿದ್ದರೆ?

ಬದಿಯಡ್ಕದ_ಮಾಸ್ತರ | ಸೋಮವಾರ, ಬೆಳಿಗ್ಗೆ 10.10

ಇದನ್ನು ಮನವಿಯ ಮೊದಲ ಬೇಡಿಕೆ ಮಾಡಿ. ಎಚ್ಚರಿಕೆ ಕನ್ನಡದಲ್ಲಿಯೂ ಬರಬೇಕು. ಕರಡು ಬರೆದು ಕಳುಹಿಸಿದರೆ ತಿದ್ದಿ ಕೊಡುತ್ತೇನೆ. ಆದರೆ ವಾಕ್ಯಗಳು ಮಗುವಿನವೇ ಇರಲಿ.

ಬಾಯಾರು_ಕೃಷಿಕ | ಸೋಮವಾರ, ರಾತ್ರಿ 9.05

ನಿನ್ನೆಯಿಂದ ಯೋಚಿಸುತ್ತಿದ್ದೇನೆ. ನಾನು ಮೇಲೆ ಬರೆದದ್ದು ಅರ್ಧ ಮಾತ್ರ. ಇನ್ನರ್ಧವನ್ನೂ ಹೇಳಬೇಕು.

ಅಡಿಕೆಗೆ ಬೋರ್ಡೋ ಮದ್ದನ್ನು ಮಳೆ ಹಿಡಿಯುವ ಮೊದಲು ಒಮ್ಮೆ ಬಿಡಬೇಕು, ನಲುವತ್ತು ನಲುವತ್ತೈದು ದಿನ ಕಳೆದು ಇನ್ನೊಮ್ಮೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಪ್ಪನ ಕಾಲದಿಂದ ಇದೇ ಲೆಕ್ಕ. 2025ರಲ್ಲಿ ಮದ್ದು ಬಿಡುವವರು ಬರುತ್ತೇನೆಂದ ದಿನಕ್ಕೆ ಮೊದಲೇ ಮಳೆ ಹಿಡಿಯಿತು. ಆಮೇಲೆ ಎರಡು ಗಂಟೆ ಹೊಳವಾಗುತ್ತದೆಯೇ ಎಂದು ಅಂಗಳದಲ್ಲಿ ನಿಂತು ಆಕಾಶ ನೋಡಿದ್ದೇ ಕೆಲಸ. ಮಹಾಳಿ (ಕೊಳೆರೋಗ) ಬಂದು ತೋಟದ ನೆಲವೆಲ್ಲ ಹಸಿರು ಕಾಯಿ. ಹೆಕ್ಕಿ ಹಾಕುವಾಗ ಕೈ ನಡುಗುತ್ತಿತ್ತು. ಮಗ ಪುಣೆಯಲ್ಲಿದ್ದಾನೆ. "ತೋಟ ನಂಬಿ ನಾನು ಊರಿಗೆ ಬರುವುದಿಲ್ಲ ಅಪ್ಪ" ಎಂದು ಆ ವಾರವೇ ಫೋನಿನಲ್ಲಿ ಹೇಳಿದ. ನಾನು ಅವನಿಗೂ "ನೀನು ನಿನ್ನ ಕೆಲಸ ನೋಡು" ಎಂದೇ ಹೇಳಿದ್ದೆ. ಆ ಸಭೆಯ ಹಿರಿಯರು ಮಗುವಿಗೆ ಹೇಳಿದ್ದೂ ಹೆಚ್ಚು ಕಡಿಮೆ ಅದೇ ಮಾತು.

ಇನ್ನೊಂದು ವಿಷಯ. ನನ್ನ ಅಪ್ಪ ಪಂಚಾಂಗದ ಅಂಚಿನಲ್ಲಿ ಬರೆಯುವ ಅಭ್ಯಾಸವಿದ್ದವರು. ಮೊದಲ ಮಳೆ ಬಿದ್ದ ದಿನ, ಮದ್ದು ಬಿಟ್ಟ ದಿನ, ಕಟ್ಟ ಹಾಕಿದ ದಿನ, ನಮ್ಮ ಎರಡು ಸುರಂಗಗಳ ನೀರು ನಿಂತ ದಿನ. ಇಪ್ಪತ್ತೆರಡು ವರ್ಷದ ಪಂಚಾಂಗಗಳು ಅಟ್ಟದಲ್ಲಿವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ. ಇಂದು ಇಳಿಸಿ ಒರೆಸಿ ಇಟ್ಟೆ. ಕಿರಿಯ ಸುರಂಗ ನಿಂತದ್ದು ಪಕ್ಕದಲ್ಲಿ ಬೋರ್‌ವೆಲ್ ಬಂದ ವರ್ಷವೇ, ಅದು ನಾನು ಹೇಳಿದಂತೆಯೇ ಇದೆ. ಆದರೆ ಹಿರಿಯ ಸುರಂಗದ ಹತ್ತಿರ ಆಗ ಬೋರ್‌ವೆಲ್ ಇರಲಿಲ್ಲ. ಅದರ ನೀರು ನಿಂತ ದಿನವೂ ವರ್ಷದಿಂದ ವರ್ಷಕ್ಕೆ ಬೇಗ ಬೇಗ ಬಂದಿದೆ. ಇದು ನನಗೆ ಗೊತ್ತಿರಲಿಲ್ಲ.

ಗುಡ್ಡೆಯಾಚೆ | ಸೋಮವಾರ, ರಾತ್ರಿ 9.20

ಮಾವ, ತಂಗಿ ಪಕ್ಕದಲ್ಲೇ ಕುಳಿತಿದ್ದಾಳೆ. ಅವುಗಳ ಫೋಟೋ ತೆಗೆದು ಕಳುಹಿಸಲು ಆಗುತ್ತದೆಯೇ ಎಂದು ಕೇಳುತ್ತಿದ್ದಾಳೆ.

ಬಾಯಾರು_ಕೃಷಿಕ | ಸೋಮವಾರ, ರಾತ್ರಿ 9.31

ಫೋಟೋದಲ್ಲಿ ಓದಲು ಬರುವುದಿಲ್ಲ. ಅಪ್ಪನ ಅಕ್ಷರ ಇರುವೆ ಸಾಲಿನ ಹಾಗೆ, ನನಗೆ ಮಾತ್ರ ಗುರುತು ಸಿಗುತ್ತದೆ. ಬರುವ ಭಾನುವಾರ ಅವಳನ್ನು ಕರೆದುಕೊಂಡು ಬನ್ನಿ. ನಾನು ಓದುತ್ತೇನೆ, ಅವಳು ಬರೆದುಕೊಳ್ಳಲಿ. ಊಟ ಇಲ್ಲೇ.

ಏತಡ್ಕದ_ನೀರು | ಸೋಮವಾರ, ರಾತ್ರಿ 9.40

ನಾನೂ ಬರಬಹುದೇ? ಕಟ್ಟ ಹಾಕಿದ ದಿನಗಳನ್ನು ನಮ್ಮ ಕಡೆಯದರೊಂದಿಗೆ ಹೋಲಿಸಬೇಕಿತ್ತು.

ಬಾಯಾರು_ಕೃಷಿಕ | ಸೋಮವಾರ, ರಾತ್ರಿ 9.42

ಬನ್ನಿ.

ಗುಡ್ಡೆಯಾಚೆ | ಸೋಮವಾರ, ರಾತ್ರಿ 9.58

ಬರುತ್ತೇವೆ ಮಾವ. ಉಪ್ಪಳ ಕೈಕಂಬದಿಂದ ಬಾಯಾರಿಗೆ ಬೆಳಿಗ್ಗೆ ಬಸ್ ಎಷ್ಟು ಗಂಟೆಗೆ ಇದೆ? ಅವಳು ಇನ್ನೂರು ಪುಟದ ಪುಸ್ತಕಕ್ಕೆ ಈಗಲೇ ಗೆರೆ ಹಾಕುತ್ತಿದ್ದಾಳೆ: ವರ್ಷ, ಮೊದಲ ಮಳೆ, ಹಿರಿಯ ಸುರಂಗ, ಕಿರಿಯ ಸುರಂಗ, ಕಟ್ಟ. ಇಪ್ಪತ್ತೆರಡು ಸಾಲು ಸಾಕೇ ಎಂದು ಕೇಳುತ್ತಿದ್ದಾಳೆ.

ಬಾಯಾರು_ಕೃಷಿಕ | ಸೋಮವಾರ, ರಾತ್ರಿ 10.04

ಬಸ್ಸಿನ ಸಮಯವನ್ನು ನಾಳೆ ವಿಚಾರಿಸಿ ಹೇಳುತ್ತೇನೆ. ಕೆಳಗೆ ಇನ್ನಷ್ಟು ಸಾಲು ಬಿಡಲು ಹೇಳಿ, ಈ ವರ್ಷದಿಂದ ನಾನೂ ಬರೆಯುತ್ತೇನೆ.